ಹಾಸನದ ಟೈರ್ ಅಂಗಡಿ, ಚಾರ್ಮಾಡಿಯ ತಿರುವು ಮತ್ತು ಮನಾಲಿಯ ಮಂಜುಗಡ್ಡೆ: ಎರಡು ಮಳೆಗಾಲಗಳ ನಂತರದ ವಿಮರ್ಶೆ

ಹಾಸನದ ಬಿ.ಎಂ. ರಸ್ತೆಯಲ್ಲಿರುವ ಒಂದು ಟೈರ್ ಮತ್ತು ವ್ಹೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ) ಅಂಗಡಿಯಲ್ಲಿ 2024ರ ಜೂನ್ ತಿಂಗಳಲ್ಲಿ ನಮ್ಮ ಕಾರಿಗೆ ಮಾಡಿಸಿದ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಕೆಲಸ ಮುಗಿದ ದಿನವೇ ಬರೆದಿದ್ದರೆ ಅದು ಬರಿಯ ಮೆಚ್ಚುಗೆಯ ಮಾತಾಗುತ್ತಿತ್ತು. ಎರಡು ಮಳೆಗಾಲ ಕಳೆದು, ಚಾರ್ಮಾಡಿ ಘಾಟಿಯ ಅದೇ ತಿರುವುಗಳಲ್ಲಿ ಹತ್ತಾರು ಸಲ ಇಳಿದು ಹತ್ತಿದ ಮೇಲೆ ಬರೆಯುವುದೇ ಸರಿಯೆಂದು ಕಾದೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ನಡೆದ ಕೆಲಸವನ್ನು ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಯಾವುದೇ ಒಳ್ಳೆಯ ಅಂಗಡಿಯಲ್ಲಿ ಕೇಳಿ ಮಾಡಿಸಿಕೊಳ್ಳಬಹುದು. ಏನನ್ನು ಕೇಳಬೇಕು ಎಂಬುದು ಗೊತ್ತಿರಬೇಕು, ಅಷ್ಟೆ.

ನಾವು ಇರುವುದು ಹಾಸನದಲ್ಲಿ. ನನ್ನ ತವರು ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಸಮೀಪ, ಗಂಡನ ಮನೆ ಘಾಟಿಯ ಕೆಳಗೆ ಉಜಿರೆಯ ಕಡೆ. ಹೀಗಾಗಿ ತಿಂಗಳಿಗೆ ಎರಡು ಸಲವಾದರೂ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವುದು ನಮಗೆ ಸಂತೆಗೆ ಹೋಗಿ ಬಂದಷ್ಟು ರೂಢಿಯ ಸಂಗತಿ. ಕಾರು 2017ರ ಮಾದರಿಯ ಸಣ್ಣ ಹ್ಯಾಚ್‌ಬ್ಯಾಕ್. ಎಂಜಿನ್ನಿನ ಎಳೆತ ಮುಂದಿನ ಎರಡು ಚಕ್ರಗಳಿಗೆ. ಬ್ರೇಕ್ ಒತ್ತಿದಾಗ ಚಕ್ರ ಸಿಲುಕಿ ನಿಲ್ಲದಂತೆ ತಡೆಯುವ ಎಬಿಎಸ್ ಇದೆ, ಇಎಸ್‌ಸಿ ಎಂದು ಕರೆಯುವ ಸ್ಥಿರತೆಯ ವ್ಯವಸ್ಥೆ ಇಲ್ಲ. ಆಗ ಓಡಿದ್ದು ಸುಮಾರು 52,000 ಕಿಲೋಮೀಟರ್.

ಅಂಗಡಿಗೆ ಹೋಗುವ ಮೊದಲು ನಡೆದ ಎರಡು ಘಟನೆಗಳನ್ನು ಹೇಳದಿದ್ದರೆ ಆ ಕೆಲಸದ ಬೆಲೆ ಓದುವವರಿಗೆ ತಿಳಿಯುವುದಿಲ್ಲ.

ಮೊದಲನೆಯದು ಅದೇ ವರ್ಷದ ಫೆಬ್ರವರಿಯಲ್ಲಿ, ನಮ್ಮೂರಿನಿಂದ ಬಹು ದೂರದ ಹಿಮಾಚಲದಲ್ಲಿ. ಹಿಮ ಬಿದ್ದು ಎರಡು ಮೂರು ದಿನಗಳಾಗಿದ್ದವು. ಬೆಳಿಗ್ಗೆ ಬಾಡಿಗೆಯ ಟ್ಯಾಕ್ಸಿಯಲ್ಲಿ ಮನಾಲಿಯಿಂದ ಸೋಲಂಗ್ ಕಣಿವೆಯ ಕಡೆಗೆ ಹೊರಟಿದ್ದೆವು. ರಸ್ತೆಯ ಎರಡೂ ಬದಿ ಹಿಮದ ರಾಶಿ ಇದ್ದರೂ ನಡುವಿನ ಡಾಂಬರು ಬರಿದಾಗಿ, ನಮ್ಮ ಕಡೆ ರಾತ್ರಿ ಸೋನೆ ಬಿದ್ದ ರಸ್ತೆಯ ಹಾಗೆ ಒದ್ದೆಯಾಗಿ ಮಾತ್ರ ಕಾಣುತ್ತಿತ್ತು. ಒಂದು ನೆರಳಿನ ತಿರುವಿಗೆ ಮುಂಚೆ ಚಾಲಕ ಗಾಡಿ ನಿಲ್ಲಿಸಿ ಕೆಳಗಿಳಿದ. ಬೂಟಿನ ಹಿಮ್ಮಡಿಯನ್ನು ರಸ್ತೆಗೆ ಒತ್ತಿ ಎಳೆದ. ಹಿಮ್ಮಡಿ ಸರ್ರನೆ ಒಂದು ಮೊಳ ಜಾರಿತು. ನಾನೂ ಇಳಿದು ಬಗ್ಗಿ ಬೆರಳಿಟ್ಟು ನೋಡಿದೆ. ಅದು ನೀರಲ್ಲ, ಗಾಜಿನ ಹಾಗೆ ತೆಳ್ಳಗೆ ಅಂಟಿಕೊಂಡ ಮಂಜುಗಡ್ಡೆ. ಅದರ ಅಡಿಯಲ್ಲಿ ಡಾಂಬರಿನ ಕಪ್ಪು ಹರಳುಗಳು ಒಂದೊಂದಾಗಿ ಕಾಣುತ್ತಿದ್ದವು. ಇದಕ್ಕೇ ಬ್ಲ್ಯಾಕ್ ಐಸ್ ಎನ್ನುತ್ತಾರೆ. ಮಂಜುಗಡ್ಡೆ ಕಪ್ಪಲ್ಲ, ಪಾರದರ್ಶಕ. ಕಪ್ಪು ಕಾಣುವುದು ಅದರ ಕೆಳಗಿನ ರಸ್ತೆ. ಹಗಲು ಕರಗಿದ ಹಿಮದ ನೀರು ರಸ್ತೆಗೆ ಅಡ್ಡ ಹರಿದು, ರಾತ್ರಿ ಹೆಪ್ಪುಗಟ್ಟಿ, ಬಿಸಿಲು ತಾಗದ ತಿರುವುಗಳಲ್ಲಿ ಮಧ್ಯಾಹ್ನದವರೆಗೂ ಉಳಿಯುತ್ತದೆ. ಸೇತುವೆಗಳ ಮೇಲೂ ಹಾಗೆಯೇ: ಮೇಲಿನಿಂದಲೂ ಕೆಳಗಿನಿಂದಲೂ ತಣ್ಣನೆಯ ಗಾಳಿ ಬೀಸುವುದರಿಂದ ಉಳಿದ ರಸ್ತೆಗಿಂತ ಮೊದಲು ಅವು ಹೆಪ್ಪುಗಟ್ಟುತ್ತವೆ.

ನಾವು ನೋಡುತ್ತಿದ್ದಂತೆ ಬೇರೆ ಊರಿನ ಕಾರೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ವೇಗ ಇಪ್ಪತ್ತೈದರ ಮೇಲೆ ಇರಲಿಲ್ಲ. ತಿರುವಿನಲ್ಲಿ ಅವರು ಬ್ರೇಕ್ ಒತ್ತಿದರು, ಕೆಂಪು ದೀಪ ಹತ್ತಿತು, ಕಾರಿನ ಹಿಂಭಾಗ ನಿಧಾನವಾಗಿ ಬಾಗಿಲು ತೆರೆದುಕೊಂಡ ಹಾಗೆ ಪಕ್ಕಕ್ಕೆ ತಿರುಗಿ, ಕಾರು ಅಡ್ಡಲಾಗಿ ಸರಿಯುತ್ತಾ ಹೋಗಿ ಹಿಮದ ರಾಶಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಚಾಲಕ ಎಳೆತದ ಚಕ್ರಗಳಿಗೆ ಸರಪಳಿ ಕಟ್ಟಿದ, ಮೊದಲನೆಯ ಗೇರಿನಲ್ಲಿ ಬ್ರೇಕಿನ ಮೇಲೆ ಕಾಲಿಡದೆ ಇಳಿದ. ಒಂದು ಕಡೆ ಹಿಂಭಾಗ ಸ್ವಲ್ಪ ಸರಿದಾಗ ಆತ ಮಾಡಿದ್ದು ಎರಡೇ ಕೆಲಸ: ಪೆಡಲುಗಳಿಂದ ಕಾಲು ತೆಗೆದ, ಹಿಂಭಾಗ ಯಾವ ಕಡೆಗೆ ಜಾರುತ್ತಿತ್ತೋ ಆ ಕಡೆಗೆ ಸ್ಟೇರಿಂಗನ್ನು ಮೆಲ್ಲಗೆ ತಿರುಗಿಸಿದ. ಕಾರು ತಾನಾಗಿ ನೆಟ್ಟಗಾಯಿತು. ಆತನ ಕೈಗಳನ್ನೇ ನೋಡುತ್ತಾ ಕುಳಿತಿದ್ದ ನನಗೆ ಆ ಚಲನೆ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಎರಡನೆಯದು ನಾಲ್ಕು ತಿಂಗಳ ನಂತರ, ಮೃಗಶಿರಾ ಮಳೆ ಹಿಡಿದ ವಾರದಲ್ಲಿ, ಚಾರ್ಮಾಡಿಯಲ್ಲಿ. ಕಾರು ನಾನು ಓಡಿಸುತ್ತಿದ್ದೆ, ಮಗಳು ಹಿಂದಿನ ಸೀಟಿನಲ್ಲಿದ್ದಳು. ಮಲಯಮಾರುತ ದಾಟಿ ಅಣ್ಣಪ್ಪಸ್ವಾಮಿ ಗುಡಿಯ ಕಡೆಗೆ ಇಳಿಯುತ್ತಿದ್ದೆವು. ಮೇಲಿನ ದರೆಯಿಂದ ಕೊಚ್ಚಿ ಬಂದ ಕೆಮ್ಮಣ್ಣು ರಸ್ತೆಯ ಮೇಲೆ ತೆಳ್ಳಗೆ ಹರಡಿ, ದೋಸೆ ಹಿಟ್ಟು ಸವರಿದ ಹಾಗೆ ಕಾಣುತ್ತಿತ್ತು. ವೇಗ ಮೂವತ್ತರ ಆಸುಪಾಸು. ಎಡ ತಿರುವಿನಲ್ಲಿ ಹಗುರವಾಗಿ ಬ್ರೇಕ್ ಮುಟ್ಟಿದೆ. ಸೊಂಟದ ಅಡಿಯಲ್ಲಿ ಸೀಟು ಬಲಕ್ಕೆ ಸರಿದಂತಾಯಿತು. ಕಾರಿನ ಮೂತಿ ಒಳಗಿನ ದರೆಯ ಕಡೆ ತಿರುಗುತ್ತಿತ್ತು, ಬಾಲ ಎದುರು ಬರುವ ವಾಹನಗಳ ಸಾಲಿಗೆ ಬೀಸುತ್ತಿತ್ತು. ಮನಾಲಿಯಲ್ಲಿ ಕಂಡ ಆ ಕೈಗಳ ನೆನಪೊಂದೇ ಆ ಹೊತ್ತಿನಲ್ಲಿ ಉಪಯೋಗಕ್ಕೆ ಬಂತು. ಕಾಲು ತೆಗೆದೆ, ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದೆ. ಕಾರು ನೆಟ್ಟಗಾಯಿತು. ಎದುರಿನಿಂದ ಆ ಕ್ಷಣದಲ್ಲಿ ಯಾವ ಬಸ್ಸೂ ಬರದಿದ್ದದ್ದು ದೇವರ ದಯೆ ಎಂದೇ ನಾನು ಈಗಲೂ ನಂಬಿದ್ದೇನೆ.

ಮಂಜುಗಡ್ಡೆ ಇಲ್ಲದ ನಾಡಿನಲ್ಲಿ ಮಂಜುಗಡ್ಡೆಯ ಮೇಲಿನಂತೆಯೇ ಕಾರು ಏಕೆ ಜಾರಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಹಿಂಭಾಗ ಮಾತ್ರ ಏಕೆ ಜಾರಿತು ಎಂಬುದು. ಆ ವರ್ಷದ ಮಾರ್ಚ್‌ನಲ್ಲಷ್ಟೇ ಬೇರೆಡೆಯ ಒಂದು ಅಂಗಡಿಯಲ್ಲಿ ಎರಡು ಹೊಸ ಟೈರ್ ಹಾಕಿಸಿದ್ದೆವು. ಹೊಸ ಟೈರ್ ಇದೆ, ಇನ್ನೇನು ಭಯ ಎಂದುಕೊಂಡೇ ಮಳೆಗಾಲವನ್ನು ಎದುರುಗೊಂಡಿದ್ದೆವು.

ಈ ಪ್ರಶ್ನೆಯನ್ನು ಹೊತ್ತು ಬಿ.ಎಂ. ರಸ್ತೆಯ ಅಂಗಡಿಗೆ ಹೋದದ್ದು ಮುಂದಿನ ಶನಿವಾರ. ಅಂಗಡಿಯ ಹಿರಿಯ ಕೆಲಸಗಾರರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಇದನ್ನು ಮೊದಲು ಹೇಳಬೇಕು. ಹೆಂಗಸು ಕಾರಿನ ತೊಂದರೆ ಹೇಳಿದರೆ ಪಕ್ಕದಲ್ಲಿ ನಿಂತ ಗಂಡಸಿನ ಮುಖ ನೋಡಿ ಉತ್ತರ ಕೊಡುವ ಅಂಗಡಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಇವರು ನನ್ನನ್ನೇ ಕೇಳಿದರು: ಬ್ರೇಕ್ ಒತ್ತಿದಾಗ ಜಾರಿತೋ, ಆಕ್ಸಿಲರೇಟರ್ ಕೊಟ್ಟಾಗಲೋ? ಮೂತಿ ನೇರ ಹೋಯಿತೋ, ಬಾಲ ಬಂತೋ? ಇಳಿಜಾರೋ, ಏರೋ? ಡಿಕ್ಕಿಯಲ್ಲಿ ಸಾಮಾನು ಎಷ್ಟಿತ್ತು? ಉತ್ತರ ಕೇಳಿದ ಮೇಲೆ ಕಾರನ್ನು ಎತ್ತುವ ಮೊದಲೇ ಹಿಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಅಳತೆಯ ಕಡ್ಡಿಯನ್ನು ಟೈರಿನ ಮೈಮೇಲಿನ ತೋಡುಗಳೊಳಗೆ ಇಳಿಸಿದರು.

ಮುಂದಿನ ಎರಡು ಟೈರುಗಳಲ್ಲಿ ತೋಡಿನ ಆಳ ಏಳು ಮಿಲಿಮೀಟರಿಗಿಂತ ಹೆಚ್ಚಿತ್ತು. ಹಿಂದಿನ ಎರಡರಲ್ಲಿ ಒಂದು 2.2, ಇನ್ನೊಂದು 1.9. ನಮ್ಮ ದೇಶದ ನಿಯಮದ ಪ್ರಕಾರ ಕಾರಿನ ಟೈರಿಗೆ ಕನಿಷ್ಠ 1.6 ಮಿಲಿಮೀಟರ್ ಇದ್ದರೆ ಸಾಕು. ಅಂದರೆ ಕಾಗದದ ಮೇಲೆ ನಮ್ಮ ಟೈರುಗಳು ತೇರ್ಗಡೆಯಾಗಿದ್ದವು. ಆಮೇಲೆ ಅವರು ಟೈರಿನ ಬದಿಯಲ್ಲಿ ಉಬ್ಬಿಸಿ ಬರೆದ ನಾಲ್ಕು ಅಂಕಿಗಳನ್ನು ಬಟ್ಟೆಯಿಂದ ಒರೆಸಿ ತೋರಿಸಿದರು: 1917. ಇದು ಇಸವಿ ಅಲ್ಲ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2017ರ ಹತ್ತೊಂಬತ್ತನೆಯ ವಾರದಲ್ಲಿ ತಯಾರಾದ ಟೈರ್ ಎಂದು ಅರ್ಥ. ಏಳು ವರ್ಷದ ರಬ್ಬರು. ಅವರು ಉಗುರನ್ನು ಮುಂದಿನ ಟೈರಿಗೆ ಒತ್ತಿದಾಗ ಗುರುತು ಮೂಡಿ ಮೆಲ್ಲಗೆ ಮಾಯವಾಯಿತು. ಹಿಂದಿನದಕ್ಕೆ ಒತ್ತಿದಾಗ ಗುರುತೇ ಮೂಡಲಿಲ್ಲ, ಒಣಗಿದ ಅಡಿಕೆಯ ಹಾಗೆ ಗಟ್ಟಿಯಾಗಿತ್ತು.

ಮಾರ್ಚ್‌ನಲ್ಲಿ ಹೊಸ ಟೈರುಗಳನ್ನು ಮುಂದಕ್ಕೆ ಹಾಕಿದ್ದೇ ತಪ್ಪಾಗಿತ್ತು. ಎಳೆತವೂ ಸ್ಟೇರಿಂಗೂ ಮುಂದಿನ ಚಕ್ರಗಳಿಗೆ ಇರುವುದರಿಂದ ಒಳ್ಳೆಯ ಟೈರ್ ಮುಂದಿರಲಿ ಎಂಬುದು ಎಲ್ಲರಿಗೂ ಸಹಜವಾಗಿ ತೋರುವ ಮಾತು, ಹಾಗೆಯೇ ಹಾಕಿಕೊಡುವ ಅಂಗಡಿಗಳೂ ಬಹಳ. ಆದರೆ ಎರಡೇ ಟೈರ್ ಬದಲಿಸುವುದಾದರೆ ಹೊಸದನ್ನು ಹಿಂದಕ್ಕೆ ಹಾಕಬೇಕು ಎಂಬುದು ಟೈರ್ ತಯಾರಕರ ಸಾಮಾನ್ಯ ಸಲಹೆ. ಮುಂಚಕ್ರದ ಎಳೆತದ ಕಾರಿಗೂ ಇದು ಅನ್ವಯಿಸುತ್ತದೆ. ಕಾರಣ ಸರಳ. ಮುಂದಿನ ಟೈರ್ ಹಿಡಿತ ಕಳೆದುಕೊಂಡರೆ ಕಾರು ತಿರುಗದೆ ನೇರ ಸಾಗುತ್ತದೆ. ಅದು ಚಾಲಕನ ಕೈಗೆ ಕೂಡಲೇ ತಿಳಿಯುತ್ತದೆ, ಹೆದರಿ ಕಾಲು ತೆಗೆದರೆ ವೇಗ ತಗ್ಗಿ ಹಿಡಿತ ಸಾಮಾನ್ಯವಾಗಿ ಮರಳುತ್ತದೆ. ಹಿಂದಿನ ಟೈರ್ ಹಿಡಿತ ಕಳೆದುಕೊಂಡರೆ ಕಾರು ಬುಗುರಿಯಾಗುತ್ತದೆ, ಅದನ್ನು ಸರಿಪಡಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ. ಇಳಿಜಾರಿನಲ್ಲಿ ಇದು ಇನ್ನೂ ಹದಗೆಡುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಕಾರಿನ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುತ್ತವೆ; ಭಾರ ಬಿದ್ದ ಮುಂದಿನ ಹೊಸ ಟೈರ್ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಹಗುರವಾದ ಹಿಂದಿನ ಹಳೆಯ ಟೈರ್ ಕೈಬಿಡುತ್ತದೆ. ನನ್ನ ಕಾರು ಅಂದು ಅಲ್ಲಿ ಹಾಗೆ ತಿರುಗಿದ್ದು ಆಕಸ್ಮಿಕವಲ್ಲ. ಹಾಗೆ ತಿರುಗುವಂತೆಯೇ ನಾವು ಅದನ್ನು ಸಜ್ಜುಗೊಳಿಸಿದ್ದೆವು.

ಇಲ್ಲಿ ಮಂಜುಗಡ್ಡೆಯ ಮಾತಿಗೆ ಮರಳಬೇಕು, ಏಕೆಂದರೆ ಹಿಡಿತದ ಲೆಕ್ಕ ಎರಡೂ ಕಡೆ ಒಂದೇ. ಒಳ್ಳೆಯ ಟೈರಿಗೆ ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.7, ಒದ್ದೆ ಡಾಂಬರಿನ ಮೇಲೆ ಸುಮಾರು 0.4, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕಿಂತ ಕಡಿಮೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಪೂರ್ತಿ ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 9 ಮೀಟರಿನಲ್ಲಿ ನಿಂತರೆ, ಒದ್ದೆ ರಸ್ತೆಯಲ್ಲಿ 15ರಿಂದ 16 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 60 ಮೀಟರ್ ದಾಟುತ್ತದೆ. ಇದು ಲೆಕ್ಕ ಹಾಕಿ ತೆಗೆದ ದೂರ, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ತೋಡು ಸವೆದು ರಬ್ಬರು ಗಟ್ಟಿಯಾದ ಟೈರು ಜಾರುವ ಕೆಸರಿನ ಮೇಲೆ ಬಂದಾಗ ಒದ್ದೆ ರಸ್ತೆಯ ಲೆಕ್ಕವನ್ನು ಬಿಟ್ಟು ಮಂಜುಗಡ್ಡೆಯ ಲೆಕ್ಕದ ಕಡೆಗೆ ಸರಿಯುತ್ತದೆ.

ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಕಡು ಚಳಿಯಲ್ಲಿ ಅಲ್ಲ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಮೈನಸ್ ಇಪ್ಪತ್ತಕ್ಕೆ ಇಳಿದಾಗ ಅದು ಒಣಗಿದಂತಾಗಿ ಟೈರಿಗೆ ತುಸು ಹೆಚ್ಚೇ ಹಿಡಿತ ಸಿಗುತ್ತದೆ. ಕರಗುವ ಹಂತದಲ್ಲಿ ಮೇಲ್ಮೈಯಲ್ಲಿ ಮೂಡುವ ನೀರಿನ ತೆಳು ಪೊರೆಯೇ ಅಪಾಯಕಾರಿ. ನಮ್ಮ ಘಾಟಿಯಲ್ಲೂ ಜಡಿಮಳೆ ರಸ್ತೆಯನ್ನು ತೊಳೆದುಬಿಟ್ಟರೆ ಅಷ್ಟು ಭಯವಿಲ್ಲ. ಬೇಸಿಗೆಯೆಲ್ಲ ಕೂತ ಎಣ್ಣೆ, ಧೂಳು, ಟೈರಿನ ಪುಡಿ ಮೊದಲ ಮಳೆಗೆ ಕಲಸಿಕೊಂಡಾಗ, ಅಥವಾ ತೋಟದಿಂದ ಹೊರಬಂದ ಟ್ರ್ಯಾಕ್ಟರಿನ ಕೆಸರು ಸೋನೆಗೆ ಮೆತ್ತಗಾದಾಗ ಜಾರುವಷ್ಟು ಜಡಿಮಳೆಯಲ್ಲಿ ಜಾರುವುದಿಲ್ಲ. ಕೈಮರದಿಂದ ಮುಳ್ಳಯ್ಯನಗಿರಿಗೆ ಹತ್ತುವ ದಾರಿಯ ನೆರಳಿನ ಅಂಚುಗಳಲ್ಲಿ, ತೋಟಗಳ ನಡುವಿನ ಕಾಂಕ್ರೀಟ್ ರಸ್ತೆಗಳಲ್ಲಿ ಕಟ್ಟುವ ಪಾಚಿಯದೂ ಇದೇ ಕಥೆ. ಕನ್ನಡದಲ್ಲಿ ಮಂಜು ಎಂಬ ಒಂದೇ ಪದ ಕಣ್ಣು ಮುಚ್ಚುವ ಕಾವಳಕ್ಕೂ ಉತ್ತರದ ಹಿಮಕ್ಕೂ ಸಲ್ಲುತ್ತದೆ. ಆ ಪದ ಕೇಳಿದಾಗ ಎರಡೂ ಕಡೆಯ ಚಾಲಕನಿಗೆ ಒಂದೇ ಎಚ್ಚರ ಹುಟ್ಟಿದರೆ ತಪ್ಪೇನೂ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ಚಳಿಯ ದೇಶಗಳಲ್ಲಿ ಇದಕ್ಕೆಂದೇ ಬೇರೆ ಟೈರುಗಳಿವೆ. ಸಾಮಾನ್ಯ ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಅಲ್ಲೂ ಮೆತ್ತಗಿರುತ್ತದೆ, ಅದರ ಮೈ ತುಂಬ ಕೂದಲೆಳೆಯಂಥ ಸೀಳುಗಳಿದ್ದು ಹಿಮವನ್ನು ಕಚ್ಚುತ್ತವೆ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹೂವಿನ ಗುರುತು ಅಂಥ ಟೈರಿನ ಬದಿಯಲ್ಲಿರುತ್ತದೆ. ಜರ್ಮನಿಯಲ್ಲಿ ರಸ್ತೆ ಹೆಪ್ಪುಗಟ್ಟಿದ್ದಾಗ ಚಳಿಗಾಲಕ್ಕೆ ತಕ್ಕ ಟೈರ್ ಇಲ್ಲದೆ ಓಡಿಸುವಂತಿಲ್ಲ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಲೋಹದ ಮೊಳೆ ಜಡಿದ ಟೈರುಗಳೂ ಬಳಕೆಯಲ್ಲಿವೆ. ಹಾಸನ, ಚಿಕ್ಕಮಗಳೂರಿನ ಹವೆಗೆ ಇವು ಬೇಡ. ಅಲ್ಲಿನವರು ಋತು ನೋಡಿ ನಾಲ್ಕೂ ಟೈರ್ ಬದಲಿಸುತ್ತಾರೆ, ಒಂದೇ ಜಾತಿಯ ನಾಲ್ಕನ್ನು ಹಾಕುತ್ತಾರೆ. ನಾವು ಕಲಿಯಬೇಕಾದದ್ದು ಆ ಶಿಸ್ತನ್ನು.

ಅಂಗಡಿಯವರು ನನ್ನ ಮುಂದಿಟ್ಟದ್ದು ಎರಡು ದಾರಿ. ಹಣ ಉಳಿಸಬೇಕಿದ್ದರೆ ಈಗಿನ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿ, ಮುಂದಕ್ಕೆ ಅದೇ ಮಾದರಿಯ ಇನ್ನೊಂದು ಜೋಡಿ ತೆಗೆದುಕೊಳ್ಳಬಹುದು. ಇಲ್ಲವಾದರೆ ತೇವದ ಹಿಡಿತಕ್ಕೆ ಹೆಸರಾದ ಬೇರೆ ಮಾದರಿಯ ನಾಲ್ಕನ್ನು ಕೊಂಡು, ಮಾರ್ಚ್‌ನ ಜೋಡಿಯನ್ನು ಅವರಿಗೆ ಮರಳಿ ಮಾರಬಹುದು. ಎರಡನೆಯದರಲ್ಲಿ ಅವರಿಗೆ ಲಾಭ ಹೆಚ್ಚು. ಆದರೂ ಸಲಹೆ ಕೊಟ್ಟದ್ದು ಮೊದಲನೆಯದನ್ನು. ಮಾರ್ಚ್‌ನ ಟೈರುಗಳಲ್ಲಿ ದೋಷವಿಲ್ಲ, ಇದ್ದ ಜಾಗ ತಪ್ಪು ಎಂದರು. ಅಂಗಡಿಯ ಮೇಲೆ ನನಗೆ ನಂಬಿಕೆ ಕುದುರಿದ್ದು ಆ ಮಾತಿನಿಂದ. 185/65 ಆರ್15 ಅಳತೆಯ ಎರಡು ಟೈರ್‌ಗೆ, ಹೊಸ ವಾಲ್ವು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಸೇರಿ ಬಿಲ್ಲು ಹನ್ನೆರಡು ಸಾವಿರದ ಒಳಗೆ ಮುಗಿಯಿತು. ಹೊಸ ಟೈರಿನ ಮೇಲಿನ ವಾರದ ಅಂಕಿಯನ್ನು ತಾವಾಗಿಯೇ ತೋರಿಸಿದರು. ತಯಾರಾಗಿ ಮೂರು ತಿಂಗಳೂ ಆಗಿರಲಿಲ್ಲ.

ಅಲೈನ್‌ಮೆಂಟ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ಹೆಚ್ಚಿನ ಕಡೆ ಇದು ಯಂತ್ರಕ್ಕೆ ಸಿಕ್ಕಿಸಿ, ಹಸಿರು ಗೆರೆ ಬಂತು ಎಂದು ಹೇಳಿ ಹಣ ಪಡೆಯುವ ಕೆಲಸವಾಗಿಬಿಟ್ಟಿದೆ. ಇಲ್ಲಿ ಮೊದಲು ಬಾಗಿಲ ಕಂಬದ ಚೀಟಿ ನೋಡಿ ನಾಲ್ಕೂ ಟೈರಿನ ಗಾಳಿಯನ್ನು 33ಕ್ಕೆ ತಂದರು. ಅಷ್ಟರವರೆಗೆ ಎಡ ಹಿಂಬದಿಯಲ್ಲಿ 26, ಬಲ ಹಿಂಬದಿಯಲ್ಲಿ 35 ಇತ್ತು. ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಇಷ್ಟು ವ್ಯತ್ಯಾಸವಿದ್ದರೆ ಕಾರು ಜಾರುವಾಗ ಸಮನಾಗಿ ಜಾರುವುದಿಲ್ಲ, ಒಂದು ಕಡೆಗೆ ಎಳೆಯುತ್ತದೆ. ಆಮೇಲೆ ಕಾರನ್ನು ಎತ್ತಿ ಮುಂದಿನ ಚಕ್ರಗಳನ್ನು ಕೈಯಿಂದ ಅಲುಗಿಸಿ ಚಕ್ರವನ್ನು ಹಿಡಿದು ತಿರುಗಿಸುವ ಬಾಲ್ ಜಾಯಿಂಟ್ ಮತ್ತು ಟೈ ರಾಡಿನ ಸಡಿಲ ನೋಡಿದರು. ಸಡಿಲವಿದ್ದರೆ ಅಲೈನ್‌ಮೆಂಟ್ ಮಾಡಿ ಪ್ರಯೋಜನವಿಲ್ಲ, ಮೊದಲ ಗುಂಡಿಗೇ ಅದು ತಪ್ಪಿಹೋಗುತ್ತದೆ. ನಮ್ಮ ಕಾರಿನಲ್ಲಿ ಸಡಿಲವಿರಲಿಲ್ಲ. ಎಡ ಮುಂಚಕ್ರದ ಟೋ ಹೊರಕ್ಕೆ ತಿರುಗಿತ್ತು, ಅಂದರೆ ನಡೆಯುವಾಗ ಒಂದು ಪಾದ ಹೊರಗೆ ಹಾಕಿದಂತೆ. ಅವರು ನನ್ನ ಬೆರಳನ್ನು ಆ ಟೈರಿನ ಮೈಮೇಲೆ ಒಳಗಿನಿಂದ ಹೊರಗೆ ಒಮ್ಮೆ, ಹೊರಗಿನಿಂದ ಒಳಗೆ ಒಮ್ಮೆ ಸವರಲು ಹೇಳಿದರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸ. ಮೂರೇ ತಿಂಗಳಲ್ಲಿ ಹೊಸ ಟೈರಿನ ಅಂಚು ಹಾಗಾಗಿತ್ತು. ಸರಿಪಡಿಸಿದ ನಂತರ ಮೊದಲಿನ ಮತ್ತು ನಂತರದ ಅಳತೆಗಳ ಮುದ್ರಿತ ಹಾಳೆ ಕೊಟ್ಟರು. ಆ ಹಾಳೆ ಕೇಳಿ ಪಡೆಯಬೇಕಾದದ್ದು ಎಲ್ಲ ಗ್ರಾಹಕರ ಹಕ್ಕು.

ಕುಂದುಗಳೂ ಇವೆ. ಅಲೈನ್‌ಮೆಂಟ್ ಕಟ್ಟೆ ಒಂದೇ, ಶನಿವಾರ ಎರಡು ಗಂಟೆಗೂ ಹೆಚ್ಚು ಕಾಯಬೇಕಾಯಿತು. ಕೂರಲು ರಸ್ತೆಗೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಬೇರೆ ಏರ್ಪಾಡಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ; ಮಗುವನ್ನು ಕರೆದುಕೊಂಡು ಹೋದವರಿಗೆ ಇದು ಸಣ್ಣ ತೊಂದರೆಯಲ್ಲ. ನಮ್ಮ ಅಳತೆಯಲ್ಲಿ ಎರಡೇ ಕಂಪನಿಯ ಟೈರ್ ದಾಸ್ತಾನಿದ್ದವು. ಬೇರೆ ಬೇಕೆಂದರೆ ಎರಡು ದಿನ ಕಾಯಬೇಕು. ನಟ್ಟುಗಳನ್ನು ಮೊದಲು ಗಾಳಿಯ ಗನ್ನಿನಿಂದಲೇ ಪೂರ್ತಿ ಬಿಗಿಯತೊಡಗಿದರು. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಬಳಸಿ ಎಂದು ನಾನು ಕೇಳಿದ ಮೇಲಷ್ಟೇ ಅದನ್ನು ಹೊರಗೆ ತೆಗೆದರು. ಇಷ್ಟು ಬಲ್ಲವರು ಅದನ್ನು ಕೇಳದೆಯೇ ಮಾಡಬೇಕಿತ್ತು.

ಇನ್ನು ಫಲಿತಾಂಶ. ಜುಲೈನಲ್ಲಿ ಪುನರ್ವಸು ಮಳೆಯ ನಡುವೆ ಅದೇ ತಿರುವಿಗೆ ಬಂದಾಗ ನನ್ನ ಅಂಗೈ ಬೆವರಿತ್ತು. ಎರಡನೆಯ ಗೇರು, ಇಪ್ಪತ್ತೈದರ ವೇಗ, ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ ಕಾಲು ತೆಗೆದಿದ್ದೆ. ಕೆಸರು ಅಷ್ಟೇ ಇತ್ತು. ಮೂತಿ ಒಂದು ಗೇಣು ಹೊರಗೆ ಸರಿದಂತಾಗಿ ಮತ್ತೆ ಹಿಡಿದುಕೊಂಡಿತು, ಬಾಲ ಅಲ್ಲಾಡಲಿಲ್ಲ. ಎರಡು ಮಳೆಗಾಲಗಳಲ್ಲಿ ಒಂದೇ ಒಂದು ಸಲವೂ ಹಿಂಭಾಗ ಕೈಬಿಟ್ಟಿಲ್ಲ. ಹಾಸನ ಬೆಂಗಳೂರು ಹೆದ್ದಾರಿಯ ಮೇಲೂ ವ್ಯತ್ಯಾಸ ತಿಳಿಯುತ್ತದೆ, ಆದರೆ ಅಲ್ಲಿನ ಅಪಾಯ ಬೇರೆ ಬಗೆಯದು. ಘಾಟಿಯ ಮೂವತ್ತರ ವೇಗದಲ್ಲಿ ಟೈರ್ ನೀರಿನ ಮೇಲೆ ತೇಲುವುದಿಲ್ಲ, ಕೆಸರಿನ ಪೊರೆಯ ಮೇಲೆ ಜಾರುತ್ತದೆ. ಹೆದ್ದಾರಿಯಲ್ಲಿ ಎಂಬತ್ತು ತೊಂಬತ್ತರ ವೇಗದಲ್ಲಿ ನಿಂತ ನೀರಿನ ಮೇಲೆ ಸವೆದ ಟೈರ್ ನಿಜಕ್ಕೂ ತೇಲುತ್ತದೆ, ಆಗ ಸ್ಟೇರಿಂಗ್ ಕೈಯಲ್ಲಿ ಹತ್ತಿಯ ಹಾಗೆ ಹಗುರವಾಗುತ್ತದೆ. ಆ ನೀರನ್ನು ಹೊರಹಾಕುವುದು ತೋಡುಗಳ ಕೆಲಸ, ಎರಡು ಮಿಲಿಮೀಟರಿನ ತೋಡುಗಳಿಂದ ಅದು ಸಾಧ್ಯವಿಲ್ಲ. 1.6 ಎಂಬುದು ಕಾನೂನಿನ ಗೆರೆ. ಮಲೆನಾಡಿನಲ್ಲಿ ಓಡಾಡುವವರು 3 ಮಿಲಿಮೀಟರಿಗೇ ಟೈರ್ ಬದಲಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಹೊಸ ಕಾರು ಕೊಂಡರೆ ಇಎಸ್‌ಸಿ ಇರುತ್ತದಲ್ಲ, ಟೈರಿನ ಚಿಂತೆ ಏಕೆ ಎಂದು ತಮ್ಮ ಕೇಳಿದ್ದ. ಆ ವ್ಯವಸ್ಥೆಯನ್ನು ನಾನು ಕಡೆಗಣಿಸುವುದಿಲ್ಲ. 1995ರಲ್ಲಿ ಮರ್ಸಿಡಿಸ್ ತನ್ನ ದೊಡ್ಡ ಕಾರಿನಲ್ಲಿ ಬಾಷ್ ಜೊತೆ ಸೇರಿ ಅದನ್ನು ತಂದಿತು; 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ, ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂಥ ಪರೀಕ್ಷೆಯಲ್ಲಿ ಅದೇ ಕಂಪನಿಯ ಸಣ್ಣ ಎ-ಕ್ಲಾಸ್ ಮಗುಚಿ ಬಿದ್ದ ಮೇಲೆ ಆ ಕಾರಿಗೂ ಅದನ್ನು ಕಡ್ಡಾಯವಾಗಿ ಅಳವಡಿಸಿತು. ಕಾರುಗಳ ಸುರಕ್ಷತೆಗೆ ತಾರೆ ಕೊಡುವ ನಮ್ಮ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲೂ ಮೂರು ಅಥವಾ ಹೆಚ್ಚು ತಾರೆ ಪಡೆಯಲು ಇಎಸ್‌ಸಿ ಬೇಕು. ಸ್ಟೇರಿಂಗ್ ತೋರಿಸುವ ದಿಕ್ಕಿಗೂ ಕಾರು ನಿಜವಾಗಿ ತಿರುಗುವ ದಿಕ್ಕಿಗೂ ತಾಳೆ ತಪ್ಪಿದರೆ ಅದು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ: ಬಾಲ ಬೀಸಿದರೆ ಹೊರಬದಿಯ ಮುಂಚಕ್ರಕ್ಕೆ, ಮೂತಿ ನೇರ ಓಡಿದರೆ ಒಳಬದಿಯ ಹಿಂಚಕ್ರಕ್ಕೆ. ತಮ್ಮನ ಕಾರಿನಲ್ಲಿ ಚಾರ್ಮಾಡಿ ಇಳಿಯುವಾಗ ಡ್ಯಾಶ್‌ಬೋರ್ಡಿನಲ್ಲಿ ಅಂಕುಡೊಂಕು ಗೆರೆಯ ಹಳದಿ ದೀಪ ಎರಡು ಸಲ ಮಿನುಗಿದ್ದನ್ನು ನೋಡಿದ್ದೇನೆ. ಆದರೆ ಆ ಬ್ರೇಕಿಗೆ ಬೇಕಾದ ಹಿಡಿತ ಬರುವುದು ಟೈರಿನಿಂದಲೇ. ನಾಲ್ಕು ಟೈರುಗಳು ರಸ್ತೆಗೆ ತಾಗುವ ಜಾಗ ಒಂದೊಂದು ಅಂಗೈಯಷ್ಟು. ಇಎಸ್‌ಸಿ ಆಗಲಿ ಎಬಿಎಸ್ ಆಗಲಿ ಆ ಅಂಗೈಗಳಿಗೆ ಹೊಸ ಬಲ ತರುವುದಿಲ್ಲ, ಇದ್ದ ಬಲವನ್ನು ಹಂಚುತ್ತದೆ. ಮನಾಲಿಯಲ್ಲಿ ಅಡ್ಡ ಸರಿದ ಕಾರಿನಲ್ಲಿ ಯಾವ ವ್ಯವಸ್ಥೆ ಇದ್ದರೂ ಆ ಗಾಜಿನ ಮೇಲೆ ಹಂಚಲು ಹೆಚ್ಚೇನೂ ಸಿಗುತ್ತಿರಲಿಲ್ಲ.

ಹತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಲ್ಲಿಗೇ ಹೋಗಿದ್ದೆ. ಮುಂದಿನ ಜೋಡಿ ಹೆಚ್ಚು ಸವೆಯುವುದು ಸಹಜವಾದ್ದರಿಂದ, ವ್ಯತ್ಯಾಸ ದೊಡ್ಡದಾಗುವ ಮೊದಲೇ ಅದಲು ಬದಲು ಮಾಡಿ ನಾಲ್ಕನ್ನೂ ಹೆಚ್ಚುಕಡಿಮೆ ಒಂದೇ ಆಳದಲ್ಲಿ ಇಟ್ಟಿದ್ದಾರೆ. ಈ ಸಲ ಅಳೆದಾಗ ನಾಲ್ಕೂ ಐದೂವರೆ ಮಿಲಿಮೀಟರಿನ ಆಸುಪಾಸಿನಲ್ಲಿದ್ದವು. ಕಳೆದ ಬಾರಿ ಯಾರೂ ನೋಡದೆ ಬಿಟ್ಟಿದ್ದ ಸ್ಟೆಪ್ನಿಯನ್ನೂ ಈ ಸಲ ಹೊರಗೆ ತೆಗೆದರು. ಗಾಳಿ 12 ಇತ್ತು, ಬದಿಯ ಅಂಕಿ ಅದೇ 1917. ಅದನ್ನೂ ಬದಲಿಸಲು ಹೇಳಿ, ಟೈರ್ ತರಿಸುವಂತೆ ಮುಂಗಡ ಕೊಟ್ಟು ಬಂದಿದ್ದೇನೆ. ಹೋಗುವವರು ವಾರದ ನಡುವಿನ ದಿನ ಬೆಳಿಗ್ಗೆ ಹತ್ತಕ್ಕೆ ಮೊದಲು ಹೋದರೆ ಕಾಯಬೇಕಾಗುವುದಿಲ್ಲ, ಅಳತೆ ತೆಗೆಯುವಾಗ ಪಕ್ಕದಲ್ಲೇ ನಿಂತು ನೋಡಲೂ ಬಿಡುತ್ತಾರೆ.